ಬರಕ್ಕೆ ಮುನ್ನ ಒಗ್ಗಟ್ಟು: ಕಣಗಿನಹಾಳದ ಪಾಠ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಅದರ ಅರಿವು ಆಚರಣೆಗೆ ಬಂದುದು ವಿರಳ. ವಿಪತ್ತು ಬಂದೆರಗಿದಾಗ ಜನರು ತಾವಾಗಿಯೇ ಒಂದುಗೂಡುತ್ತಾರೆ. ಅದು ಇನ್ನೂ ದೂರದಲ್ಲಿರುವಾಗ ಅವರನ್ನು ಒಂದುಗೂಡಿಸುವ ಬಗೆ ಯಾವುದು? ವಿಚಾರವಂತರು ಚಿಂತಿಸಬೇಕಾದ ಪ್ರಶ್ನೆ ಇದು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬಯಲುನಾಡು. ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರು. ಅದೂ ಕಾಲಕ್ಕೆ ಸರಿಯಾಗಿ ಬಾರದು. ಆದುದರಿಂದಲೇ ಹಿಂದಿನ ಒಕ್ಕಲಿಗನು ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿ ಬರಗಾಲಕ್ಕೆಂದು ಕಾಯ್ದಿರಿಸುತ್ತಿದ್ದನು. ಆದರೆ 1876–78ರ ಮಹಾಕ್ಷಾಮದಂತಹ ವಿಪತ್ತಿಗೆ ಒಂಟಿ ಮನೆಯ ಹಗೇವು ಸಾಲದು. ಬರ ತೊಲಗಿದರೂ ಅದು ತಂದ ಸಾಲ ತೊಲಗದು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪಿತವಾದ ಕೃಷಿ ಪತ್ತಿನ ಸಂಘವು ದೇಶದ ಮೊದಲ ಸಹಕಾರಿ ಸಂಘವೆಂದು ಪ್ರಸಿದ್ಧವಾಗಿದೆ. ಆ ಕಾಯಿದೆಯಂತೆ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತ. ಸಂಘದ ಸಾಲಕ್ಕೆ ಎಲ್ಲರೂ ಬಾಧ್ಯರು. ನೆರೆಯವನ ಕೇಡು ತನ್ನ ಮನೆಗೂ ಕೇಡು ಎಂಬ ಮಾತು ಬರಿಯ ಉಪದೇಶವಾಗಿ ಉಳಿಯದೆ ವ್ಯವಹಾರದ ಕಟ್ಟಳೆಯಾಯಿತು. ಮರ್ಮವಿರುವುದು ಇಲ್ಲಿಯೇ. ಬರದ ಭಯವನ್ನು ಮೊದಲ ಮಳೆಯೇ ಮರೆಸುತ್ತದೆ. ಹಂಚಿಕೊಂಡ ಹೊಣೆಯಾದರೋ ಮರೆಯಗೊಡದು.

ಶರಣಧರ್ಮಕ್ಕೆ ಈ ತತ್ತ್ವ ಹೊಸದಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ಕಟ್ಟಿಸಿದರು. ಅಲ್ಲಿ ದುಡಿತವು ಕಾಯಕ. ಎಲ್ಲರಿಗೂ ಒದಗಿದ ನೀರು ದಾಸೋಹ. ಈ ಸೀಮೆಯಲ್ಲಿಯೂ ಡಂಬಳ, ಮಾಗಡಿಗಳ ಕೆರೆಗಳು ಹಿಂದಿನವರ ದೂರದೃಷ್ಟಿಗೆ ಸಾಕ್ಷಿಯಾಗಿವೆ. ಮಾಗಡಿಯ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿನ ಗಮನವನ್ನೂ ಸೆಳೆದಿದೆ. ಆದರೆ ಕೆರೆಯನ್ನು ಕಾಯುವುದು ಕೀರ್ತಿಯಲ್ಲ, ಬೇಸಿಗೆಯಲ್ಲಿ ಹೂಳೆತ್ತುವ ಕೈಗಳು.

ಹಾಗಾದರೆ ಊರು ಮಾಡಬೇಕಾದುದೇನು? ಕೆರೆಯ ಏರಿ, ಕಾಲುವೆ, ಕೋಡಿಗಳನ್ನು ಓಣಿಗೊಂದು ಪಾಲಿನಂತೆ ಹಂಚಿಕೊಳ್ಳಲಿ. ಎತ್ತಿದ ಹೂಳು ದುಡಿದವರ ಹೊಲಕ್ಕೆ ಸೇರಲಿ. ಮಳೆಯ ಲೆಕ್ಕವನ್ನೂ ಬಾವಿಯ ನೀರಿನ ಮಟ್ಟವನ್ನೂ ಶಾಲೆಯ ಮಕ್ಕಳು ಬರೆದಿಟ್ಟು ಚಾವಡಿಯಲ್ಲಿ ಓದಿ ಹೇಳಲಿ. ದಾನಿಗಳ ಕಾಣಿಕೆ ಗಂಜಿಕೇಂದ್ರಕ್ಕೆ ಮೀಸಲಾಗದೆ, ಗಂಜಿಕೇಂದ್ರವೇ ಬೇಡವಾಗುವಂತಹ ಕಾರ್ಯಕ್ಕೆ ಮೊದಲು ಸಲ್ಲಲಿ. ಹಸಿದವನಿಗೆ ಅನ್ನವಿಕ್ಕುವುದು ಪುಣ್ಯ. ಹಸಿವೆಯೇ ಊರನ್ನು ಹೊಗದಂತೆ ಕೂಡಿ ದುಡಿಯುವುದು ಅದಕ್ಕಿಂತಲೂ ಮಿಗಿಲಾದ ದಾಸೋಹ.