ಐದು ರೂಪಾಯಿಯೊಳಗೆ ಒಂದು ಲೋಟ ಒಳ್ಳೆಯ ಕಾಫಿ



ಬೆಳಗಿನ ಜಾವ ಎದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಡೇರಿಗೆ ಹಾಕಿ ಬಂದ ಮೇಲೆ ನೀವು ಕುಡಿಯುವ ಕಾಫಿ ಎಂಥದು? ಬಹಳ ಮನೆಗಳಲ್ಲಿ ಮೊದಲ ಡಿಕಾಕ್ಷನ್ನಿನ ಗಟ್ಟಿ ಕಾಫಿ ಯಜಮಾನರಿಗೆ, ಅತ್ತೆ ಮಾವನವರಿಗೆ, ಬಂದ ನೆಂಟರಿಗೆ ಹೋಗುತ್ತದೆ. ಅದೇ ಚರಟದ ಮೇಲೆ ಇನ್ನೊಮ್ಮೆ ನೀರು ಸುರಿದು ಇಳಿಸಿದ ತೆಳ್ಳನೆಯದು, ಪಾತ್ರೆಯ ತಳದಲ್ಲಿ ಉಳಿದ ಹಾಲಿನ ಜೊತೆ, ಹಾಲು ಕರೆದವಳ ಪಾಲಿಗೆ ಬರುತ್ತದೆ. ಕೇಳಿದರೆ ‘ಕಾಫಿ ಪುಡಿ ರೇಟು ನೋಡಿದ್ದೀರಾ?’ ಎನ್ನುತ್ತೀರಿ. ರೇಟು ಏರಿರುವುದು ನಿಜ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು 2024ರಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲೇ ಕಾಫಿ ಬೆಲೆ ಏರಿತು. ದೇಶದ ಕಾಫಿಯಲ್ಲಿ ಹೆಚ್ಚು ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲೇ ಬೆಳೆದರೂ ಅಂಗಡಿಯ ಪುಡಿಗೆ ಆ ಬಿಸಿ ತಟ್ಟಿತು. ಆದರೂ ಮನೆಯ ಎಲ್ಲರಿಗೂ, ನಿಮಗೂ ಸೇರಿಸಿ, ಒಂದೇ ರುಚಿಯ ಕಾಫಿ ಮಾಡಲು ಹೆಚ್ಚು ದುಡ್ಡು ಬೇಕಿಲ್ಲ. ಲೆಕ್ಕ ಹಾಕಿಯೇ ನೋಡೋಣ.

ನಾಲ್ಕು ಜನರ ಮನೆ, ದಿನಕ್ಕೆ ಎರಡು ಹೊತ್ತು, ಅಂದರೆ ನೂರು ಮಿಲಿಲೀಟರಿನ ಎಂಟು ಸಣ್ಣ ಲೋಟ. ಇದಕ್ಕೆ 25 ಗ್ರಾಂ ಪುಡಿ ಸಾಕು. ಪುಡಿ ಕಿಲೋಗೆ 600 ರೂಪಾಯಿ ಎಂದಿಟ್ಟುಕೊಂಡರೆ 15 ರೂಪಾಯಿ ಆಯಿತು. ಲೋಟಕ್ಕೆ 70 ಮಿ.ಲೀ. ಹಾಲೆಂದರೆ ದಿನಕ್ಕೆ 560 ಮಿ.ಲೀ. ಅದನ್ನು ಡೇರಿಗೆ ಹಾಕಿದ್ದರೆ ಪ್ರೋತ್ಸಾಹಧನವೂ ಸೇರಿ ಲೀಟರಿಗೆ 40 ರೂಪಾಯಿ ಸಿಗುತ್ತಿತ್ತು ಎಂದುಕೊಂಡರೆ ಸುಮಾರು 22 ರೂಪಾಯಿ. ಸಕ್ಕರೆ 40 ಗ್ರಾಂ, ಎರಡು ರೂಪಾಯಿಯೊಳಗೆ. ಒಟ್ಟು 39 ರೂಪಾಯಿ ಆಸುಪಾಸು. ಲೋಟಕ್ಕೆ ಐದು ರೂಪಾಯಿಯೂ ಬೀಳಲಿಲ್ಲ. ನಿಮ್ಮೂರಿನ ಪುಡಿ ರೇಟು, ಹಾಲಿನ ರೇಟು ಹಾಕಿ ನೀವೇ ಇನ್ನೊಮ್ಮೆ ಗುಣಿಸಿ ನೋಡಿ. ಮೇಲಿನ ಲೆಕ್ಕದಲ್ಲಿ ಪುಡಿಯ ಖರ್ಚಿಗಿಂತ ಹಾಲಿನ ಖರ್ಚೇ ಹೆಚ್ಚು ಬಂತು. ಆ ಹಾಲು ನಿಮ್ಮ ಕೊಟ್ಟಿಗೆಯದು. ಮನೆಗೆಂದು ಅರ್ಧ ಲೀಟರ್ ಇಟ್ಟುಕೊಳ್ಳುವುದನ್ನು ದುಂದು ಎಂದು ನಾನಂತೂ ಒಪ್ಪುವುದಿಲ್ಲ.

ಚಿಲ್ಲರೆ ಅಂಗಡಿಯಲ್ಲಿ ನೇತು ಹಾಕಿರುವ ಇನ್‌ಸ್ಟಂಟ್ ಕಾಫಿ ಪೊಟ್ಟಣ ಅಗ್ಗ ಎಂದು ಕಾಣುತ್ತದೆ. ಪೊಟ್ಟಣದ ಹಿಂದೆ ಎಷ್ಟು ಗ್ರಾಂ ಎಂದು ಬರೆದಿರುತ್ತದೆ, ಬೆಲೆಯನ್ನು ಅದರಿಂದ ಭಾಗಿಸಿ. ಗ್ರಾಂಗೆ ಎರಡು ರೂಪಾಯಿ ಬಿದ್ದರೆ, ಲೋಟಕ್ಕೆ ಒಂದೂವರೆ ಗ್ರಾಂ ಹಾಕಿದರೂ ಮೂರು ರೂಪಾಯಿ. ಮೇಲಿನ ಲೆಕ್ಕದಲ್ಲಿ ಫಿಲ್ಟರ್ ಪುಡಿಗೆ ಲೋಟಕ್ಕೆ ಎರಡು ರೂಪಾಯಿಯೂ ಆಗಿಲ್ಲ. ಅವಸರಕ್ಕೆ ಒಂದೆರಡು ಪೊಟ್ಟಣ ಮನೆಯಲ್ಲಿರಲಿ, ಬೇಡವೆನ್ನುವುದಿಲ್ಲ.

ಪುಡಿ ಕೊಳ್ಳುವಾಗ

ಪೊಟ್ಟಣದ ಮೇಲೆ ಕಾಫಿ ಎಷ್ಟು ಪಾಲು, ಚಿಕೋರಿ ಎಷ್ಟು ಪಾಲು ಎಂದು ಮುದ್ರಿಸಲೇಬೇಕು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ ಎಂಬುದು ಆಹಾರ ಸುರಕ್ಷತೆಯ ನಿಯಮ. ಚಿಕೋರಿ ಎಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದು ವಿಷವೇನಲ್ಲ, ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದ, ಸ್ವಲ್ಪ ಕಹಿ ಕೊಡುತ್ತದೆ. ಆದರೆ ಕಾಫಿಯ ಘಮವೂ ಅದರಲ್ಲಿಲ್ಲ, ನಿದ್ದೆ ಬಿಡಿಸುವ ಕೆಫೀನೂ ಇಲ್ಲ. ಕಾಫಿಗಿಂತ ಚಿಕೋರಿ ಬಲು ಅಗ್ಗ. ಅರ್ಧಕ್ಕರ್ಧ ಚಿಕೋರಿ ಇರುವ ಪುಡಿ ನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಕಿಲೋದಲ್ಲಿ ಕಾಫಿ ಎಷ್ಟು ಬಂತೆಂದು ನೋಡಿ. ಹುರಿದು ಪುಡಿ ಮಾಡಿಕೊಡುವ ಅಂಗಡಿ ಪೇಟೆಯಲ್ಲಿದ್ದರೆ ಎಂಬತ್ತಕ್ಕೆ ಇಪ್ಪತ್ತು ಎಂದು ಕೇಳಿ. ಬೀಜದಲ್ಲಿ ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ ಹಾಕಿಸಿ. ರೋಬಸ್ಟಾ ಸಾಮಾನ್ಯವಾಗಿ ಅರೇಬಿಕಾಕ್ಕಿಂತ ಅಗ್ಗ, ಹಾಲಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಅದು ಇದ್ದರೆ ಚಿಕೋರಿ ಹೆಚ್ಚು ಬೇಕಾಗುವುದಿಲ್ಲ.

ಬಿಡಿಯಾಗಿ ಕೊಂಡ ಪುಡಿಯ ಮೇಲೆ ಅನುಮಾನವಿದ್ದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಒಂದು ಚಿಟಿಕೆ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಸ್ವಲ್ಪ ಹೊತ್ತಿನಲ್ಲೇ ಕಂದು ಗೆರೆ ಎಳೆಯುತ್ತಾ ತಳಕ್ಕೆ ಇಳಿಯುತ್ತದೆ. ಶುದ್ಧ ಕಾಫಿ ಎಂದು ಹಣ ಕೊಟ್ಟಿದ್ದರೆ ಈ ಗೆರೆ ಕಾಣಬಾರದು.

ಪುಡಿಯನ್ನು ತಿಂಗಳಿಗಾಗುವಷ್ಟು ಒಟ್ಟಿಗೆ ತರಬೇಡಿ. ಪುಡಿ ಮಾಡಿದ ದಿನದಿಂದಲೇ ಘಮ ಇಳಿಯುತ್ತಾ ಹೋಗುತ್ತದೆ. ಬಟವಾಡೆಯ ದಿನ ಕಾಲು ಕಿಲೋ ತಂದು, ಒಣ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಒಲೆಯಿಂದ ದೂರ ಇಡಿ. ಒದ್ದೆ ಚಮಚ ಹಾಕಲೇಬಾರದು.

ಡಿಕಾಕ್ಷನ್

ಫಿಲ್ಟರಿನ ಮೇಲಿನ ಪಾತ್ರೆಗೆ 25 ಗ್ರಾಂ ಪುಡಿ ಹಾಕಿ. ದೊಡ್ಡ ಚಮಚದಲ್ಲಿ ತುಂಬಿ ಮೂರು ಎಂದರೆ ಹೆಚ್ಚು ಕಡಿಮೆ ಅಷ್ಟೇ. ಆದರೂ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ನಿಮ್ಮ ಚಮಚದ ಅಳತೆ ತಿಳಿದುಕೊಂಡರೆ ವರ್ಷವಿಡೀ ಅನುಕೂಲ. ಪುಡಿಯನ್ನು ಸಮ ಮಾಡಿ, ತೂತಿನ ಬಿಲ್ಲೆಯನ್ನು ಮೇಲೆ ಹಗುರವಾಗಿ ಇಡಿ. ಗಟ್ಟಿಯಾಗಿ ಒತ್ತಿದರೆ ನೀರು ಇಳಿಯದೆ ನಿಂತುಬಿಡುತ್ತದೆ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ. ಪುಡಿ ಉಬ್ಬಿದ ಮೇಲೆ ಉಳಿದದ್ದು. ಒಟ್ಟು 200 ಮಿ.ಲೀ. ಹಾಕಿದರೆ ಪುಡಿ ಸುಮಾರು 50 ಕುಡಿದುಕೊಂಡು 150 ಕೆಳಗಿಳಿಯುತ್ತದೆ. ರಾತ್ರಿಯೇ ಹಾಕಿಟ್ಟು ಮಲಗಿದರೆ ಬೆಳಗ್ಗೆ ಹಾಲು ಕರೆದು ಬರುವ ಹೊತ್ತಿಗೆ ಸಿದ್ಧ.

ಇನ್ನು ಆ ಎರಡನೇ ಡಿಕಾಕ್ಷನ್ ವಿಷಯ. ಚರಟದಲ್ಲಿ ಇನ್ನೂ ಸತ್ವ ಉಳಿದಿರುತ್ತದೆ, ಎಸೆಯಬೇಕಿಲ್ಲ. ಮೊದಲನೆಯದು ಪೂರ್ತಿ ಇಳಿದ ಮೇಲೆ ಮತ್ತೆ 100 ಮಿ.ಲೀ. ಬಿಸಿ ನೀರು ಹಾಕಿ. ಆದರೆ ಎರಡನ್ನೂ ಬೇರೆ ಬೇರೆ ಇಡಬೇಡಿ, ಯಾರಿಗೂ ಬಡಿಸುವ ಮೊದಲೇ ಒಂದೇ ಪಾತ್ರೆಯಲ್ಲಿ ಬೆರೆಸಿಬಿಡಿ. ಒಟ್ಟು 250 ಮಿ.ಲೀ., ಲೋಟಕ್ಕೆ 30ರಂತೆ ಎಂಟು ಲೋಟಕ್ಕೂ ಬಂತು. ಗಟ್ಟಿಯದು ಒಬ್ಬರಿಗೆ, ತೆಳ್ಳನೆಯದು ಇನ್ನೊಬ್ಬರಿಗೆ ಎಂಬ ಮಾತೇ ಇಲ್ಲ. ಸಂಜೆಯ ಪಾಲನ್ನು ಮುಚ್ಚಿಡಿ, ಒಲೆಯ ಮೇಲೆ ಮತ್ತೆ ಕುದಿಸಬೇಡಿ. ಬಿಸಿ ಹಾಲು ಸುರಿದರೆ ತಾನೇ ಬಿಸಿಯಾಗುತ್ತದೆ.

ಫಿಲ್ಟರ್ ಇಲ್ಲದವರು ಅದಕ್ಕಾಗಿ ಸಾಲ ಮಾಡಬೇಕಿಲ್ಲ. ಕುದಿದ ನೀರನ್ನು ಒಲೆಯಿಂದ ಇಳಿಸಿ, ಪುಡಿ ಹಾಕಿ ಕಲಸಿ, ಐದು ನಿಮಿಷ ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸಿ. ಪುಡಿ ಹಾಕಿದ ಮೇಲೆ ಕೊತಕೊತ ಕುದಿಸಿದರೆ ಕಹಿ ಬಿಡುತ್ತದೆ. ಸೋಸುವ ಬಟ್ಟೆಗೆ ಸೋಪು ಬೇಡ, ಬಿಸಿ ನೀರಿನಲ್ಲಿ ಜಾಲಿಸಿ ಬಿಸಿಲಿಗೆ ಹಾಕಿ.

ಹಾಲು

ಹಸುವಿನ ಕೆಚ್ಚಲಿನಿಂದ ಮೊದಲು ಬರುವ ಹಾಲಿನಲ್ಲಿ ಫ್ಯಾಟು ಕಡಿಮೆ, ಕೊನೆಯಲ್ಲಿ ಹಿಂಡುವುದರಲ್ಲಿ ಹೆಚ್ಚು. ಕಾಫಿಗೆ ಚೆನ್ನಾಗಿರುತ್ತದೆಂದು ಆ ಕೊನೆಯ ಹಾಲನ್ನೇ ಮನೆಗೆ ಇಟ್ಟುಕೊಂಡು, ಆಮೇಲೆ ಡೇರಿಯಲ್ಲಿ ಫ್ಯಾಟು ಬರಲಿಲ್ಲ ಎಂದು ಕಾರ್ಯದರ್ಶಿಯ ಜೊತೆ ಜಗಳ ಆಡುವವರಿದ್ದಾರೆ! ಎಲ್ಲವನ್ನೂ ಕರೆದು, ಒಟ್ಟಿಗೆ ಬೆರೆಸಿ, ಆಮೇಲೆ ಮನೆಯ ಪಾಲು ತೆಗೆಯಿರಿ. ಮನೆಯ ಪಾಲಿಗೆ ನೀರು ಬೆರೆಸಬೇಡಿ. ಅಳತೆ ಹೆಚ್ಚಿಸಬೇಕೆಂದಿದ್ದರೆ ಲೋಟ ಚಿಕ್ಕದು ಮಾಡಿ. ಹಾಲನ್ನು ಒಂದು ಸಲ ಚೆನ್ನಾಗಿ ಉಕ್ಕಿಸಿದ ಮೇಲೆ ಪ್ರತಿ ಲೋಟಕ್ಕೂ ಮತ್ತೆ ಮತ್ತೆ ಕುದಿಸಿದರೆ ಬೆಂದ ವಾಸನೆ ಬಂದು ಕಾಫಿಯ ಘಮವನ್ನು ನುಂಗುತ್ತದೆ.

ನಿಮ್ಮ ಕಾಫಿ ಲೋಟ ಕೊಟ್ಟಿಗೆಯ ಸುದ್ದಿಯನ್ನೂ ಹೇಳುತ್ತದೆ, ಗಮನವಿರಲಿ. ಕಾಫಿ ಉಪ್ಪುಪ್ಪಾಗಿ ಕಂಡರೆ ಪುಡಿಯನ್ನು ಬೈಯುವ ಮೊದಲು ಕೆಚ್ಚಲು ಮುಟ್ಟಿ ನೋಡಿ. ಕೆಚ್ಚಲು ಬಾವು ಶುರುವಾದ ಹಸುವಿನ ಹಾಲಿನಲ್ಲಿ ಉಪ್ಪಿನಂಶ ಏರುತ್ತದೆ, ಹೊರಗೆ ಊತ ಕಾಣದಿದ್ದಾಗಲೂ ಏರಬಹುದು. ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಕರೆದು ಗರಣೆ ಇದೆಯೇ ನೋಡಿ, ಪಶುವೈದ್ಯರಿಗೆ ತೋರಿಸಿ. ಗಬ್ಬದ ಹಸು ಬತ್ತುವ ಹೊತ್ತಿನಲ್ಲೂ ಹಾಲು ಸ್ವಲ್ಪ ಉಪ್ಪಾಗುವುದುಂಟು, ಅದಕ್ಕೆ ಗಾಬರಿ ಬೇಡ. ಬಾವಿಗೆ ಔಷಧಿ ಹಾಕಿಸಿದ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಹಾಲು ಡೇರಿಗೂ ಇಲ್ಲ, ಕಾಫಿಗೂ ಇಲ್ಲ. ಕುದಿಸಿದರೆ ಔಷಧಿಯ ಅಂಶ ಹೋಗುತ್ತದೆ ಎಂದು ನಂಬಬೇಡಿ.

ಡಿಕಾಕ್ಷನ್ ಬಿದ್ದ ಕೂಡಲೇ ಹಾಲು ಒಡೆದರೆ ಹಾಲಿನಲ್ಲಿ ಹುಳಿ ಏರಿದೆ ಎಂದರ್ಥ. ಕಾಫಿಯಲ್ಲೂ ಸ್ವಲ್ಪ ಹುಳಿ ಇರುವುದರಿಂದ ಅಂಚಿನಲ್ಲಿರುವ ಹಾಲು ತಡೆಯುವುದಿಲ್ಲ. ಕ್ಯಾನು, ಬಕೆಟ್ಟು, ಸೋಸುವ ಬಟ್ಟೆ ತೊಳೆಯುವ ಕಡೆ ನೋಡಿ. ಹಾಲಿಗೆ ಮೇವಿನ ವಾಸನೆ ಬರುತ್ತಿದ್ದರೆ ರಸಮೇವನ್ನು ಕರೆಯುವ ಮೊದಲು ಹಾಕದೆ ಕರೆದ ಮೇಲೆ ಹಾಕಿ.

ಬೆಲ್ಲದ ಕಾಫಿ ಇಷ್ಟಪಡುವವರು ಕುದಿಯುವ ಹಾಲಿಗೆ ಬೆಲ್ಲ ಹಾಕಬೇಡಿ, ಒಡೆದು ಹೋಗಬಹುದು. ಡಿಕಾಕ್ಷನ್ನಿನಲ್ಲಿ ಬೆಲ್ಲ ಕರಗಿಸಿ, ಒಲೆಯಿಂದ ಇಳಿಸಿದ ಹಾಲನ್ನು ಕೊನೆಗೆ ಬೆರೆಸಿ.

ಊಟದ ಜೊತೆಗೆ, ಊಟವಾದ ಕೂಡಲೇ ಕಾಫಿ ಕುಡಿಯುವ ಅಭ್ಯಾಸವಿದ್ದರೆ ಬಿಡಿ. ಸೊಪ್ಪು, ರಾಗಿ, ಕಾಳಿನಲ್ಲಿರುವ ಕಬ್ಬಿಣದಂಶ ಮೈಗೆ ಹತ್ತುವುದನ್ನು ಕಾಫಿ ತಡೆಯುತ್ತದೆ. ರಕ್ತ ಕಡಿಮೆ ಇದೆ ಎಂದು ಮಾತ್ರೆ ತೆಗೆದುಕೊಳ್ಳುತ್ತಿರುವವರು ಆ ಮಾತ್ರೆಯನ್ನು ಕಾಫಿಯ ಜೊತೆ ನುಂಗಲೇಬಾರದು. ಊಟಕ್ಕೂ ಕಾಫಿಗೂ ಒಂದೆರಡು ಗಂಟೆ ಅಂತರವಿರಲಿ. ಬಸುರಿಯರು ದಿನಕ್ಕೆ ಎಷ್ಟು ಲೋಟ ಕುಡಿಯಬಹುದೆಂದು ಆಸ್ಪತ್ರೆಗೆ ತೋರಿಸಲು ಹೋದಾಗ ಕೇಳಿಕೊಳ್ಳಿ.

ಚರಟವನ್ನು ಕಲಗಚ್ಚಿನ ಬಾನಿಗೆ ಹಾಕಬೇಡಿ, ಅದು ಹಸುವಿಗೆ ಮೇವಲ್ಲ. ತಿಪ್ಪೆಗೋ ಹೂವಿನ ಗಿಡದ ಬುಡಕ್ಕೋ ಹಾಕಿ.