ಬಾಲ್ಯದ ಸಂಕಟವೂ ಆಸರೆಯ ಬಲವೂ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಇದನ್ನೇ ಹಿಡಿದುಕೊಂಡು, ಕುಡುಕನ ಮನೆಯ ಮಗುವು ಕೆಟ್ಟೇ ತೀರುವುದೆಂದು ತೀರ್ಪುಕೊಡುವವರೂ ಉಂಟು. ಎಳೆತನದಲ್ಲಿ ಪೆಟ್ಟು, ಹಸಿವು, ತಿರಸ್ಕಾರಗಳನ್ನು ಕಂಡವರು ಮುಂದೆ ಮನೋವ್ಯಾಧಿಗೋ ಹಿಂಸಾಕೃತ್ಯಕ್ಕೋ ಒಳಗಾಗಲೇಬೇಕೇ? ಈ ವಿಷಯವಾಗಿ ನಡೆದ ಎರಡು ಶೋಧನೆಗಳನ್ನು ಇಲ್ಲಿ ವಿಚಾರಿಸೋಣ.

ಅಮೆರಿಕದ ಕ್ಯಾಥಿ ವಿಡಮ್ ಎಂಬ ವಿದುಷಿಯು 1989ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಚಿಕ್ಕಂದಿನಲ್ಲಿ ಹಿಂಸೆಗೋ ಅಲಕ್ಷ್ಯಕ್ಕೋ ಗುರಿಯಾದರೆಂದು ನ್ಯಾಯಾಲಯದ ದಾಖಲೆಗಳಿಂದ ತಿಳಿದುಬಂದ 908 ಮಂದಿಯನ್ನು, ಅಂತಹ ದಾಖಲೆಯಿಲ್ಲದ 667 ಮಂದಿಯೊಡನೆ ಅವರು ಹೋಲಿಸಿದರು. ಪ್ರಾಪ್ತವಯಸ್ಕರಾಗುವ ಮುನ್ನವೇ ಬಂಧನಕ್ಕೊಳಗಾದವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ 26, ಎರಡನೆಯದರಲ್ಲಿ ನೂರಕ್ಕೆ 17. ಸಂಕಟವು ಅಪಾಯವನ್ನು ಹೆಚ್ಚಿಸುವುದು ದಿಟ. ಆದರೆ ನೊಂದವರಲ್ಲಿಯೂ ಬಹುಮಂದಿ ಆ ದಾರಿಯನ್ನು ಹಿಡಿಯಲಿಲ್ಲ.

ಹಾಗಾದರೆ ಇಂತಹ ಮಕ್ಕಳನ್ನು ಕಾಯುವ ಶಕ್ತಿ ಯಾವುದು? ಶಾಂತಸಾಗರದ ಹವಾಯಿ ದ್ವೀಪಗಳಲ್ಲೊಂದಾದ ಕವಾಯಿಯಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳನ್ನು, ಎಮ್ಮಿ ವರ್ನರ್, ರೂತ್ ಸ್ಮಿತ್ ಎಂಬವರು ಸಂಗಡಿಗರೊಡನೆ ನಾಲ್ವತ್ತು ವರ್ಷಗಳವರೆಗೆ ಗಮನಿಸುತ್ತ ಬಂದರು. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರು ಬಡತನ, ಪ್ರಸವಕಾಲದ ತೊಡಕು, ಗೃಹಕಲಹ, ತಾಯಿತಂದೆಗಳ ಕುಡಿತ ಅಥವಾ ಚಿತ್ತರೋಗ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದವರು. ಇವರ ಪೈಕಿ ಮೂರರಲ್ಲಿ ಎರಡು ಪಾಲು ಹತ್ತು ವಯಸ್ಸಿನೊಳಗೆ ಕಲಿಕೆಯಲ್ಲಿಯೋ ನಡತೆಯಲ್ಲಿಯೋ ತೊಂದರೆಗೆ ಸಿಕ್ಕಿದರು, ಇಲ್ಲವೇ ಹದಿನೆಂಟರೊಳಗೆ ಅಪರಾಧ, ಮನೋವ್ಯಾಧಿ ಮುಂತಾದವುಗಳಿಗೆ ತುತ್ತಾದರು. ಉಳಿದ ಒಂದು ಪಾಲಿನವರಾದರೋ ಸಮರ್ಥರೂ ಪರರಲ್ಲಿ ಅಕ್ಕರೆಯುಳ್ಳವರೂ ಆಗಿ ಬೆಳೆದರು.

ಕಾರಣವನ್ನು ಅರಸಲಾಗಿ, ಹುಟ್ಟುಗುಣವೂ ಸ್ವಲ್ಪ ನೆರವಾದುದು ಕಂಡುಬಂದಿತು. ಅದರೊಡನೆ ಅಜ್ಜಿಯೋ ಅಕ್ಕನೋ ಚಿಕ್ಕಮ್ಮನೋ, ಯಾರಾದರೊಬ್ಬರ ತಪ್ಪದ ಮಮತೆಯು ಈ ಮಕ್ಕಳಿಗೆ ದೊರೆತಿದ್ದಿತು. ಮನೆಯ ಹೊರಗೆ ಉಪಾಧ್ಯಾಯರ ಆದರವಿದ್ದಿತು. ಮನೆಗೆಲಸದಲ್ಲಿಯೂ ತಮ್ಮತಂಗಿಯರ ಪಾಲನೆಯಲ್ಲಿಯೂ ಅವರಿಗೊಂದು ಹೊಣೆಯಿದ್ದಿತು. ಹದಿಹರೆಯದಲ್ಲಿ ದಾರಿತಪ್ಪಿದವರೊಳಗೂ ಹೆಚ್ಚಿನವರು ನಾಲ್ವತ್ತರ ಹೊತ್ತಿಗೆ ಚೇತರಿಸಿಕೊಂಡರು. ಮುಂದುವರಿದ ವಿದ್ಯೆ, ಕೈಗೆ ಬಂದ ಕಸಬು, ಸ್ಥಿರಬುದ್ಧಿಯ ಬಾಳಸಂಗಾತಿ ಅವರಿಗೆ ಊರುಗೋಲಾದವು. ಮರವೂ ಬಗ್ಗಬಲ್ಲುದು.

ಪೆಟ್ಟು ತಿಂದ ಮಗುವೇ ಗಟ್ಟಿಯಾಗುವುದೆಂದು ಇದರಿಂದ ಯಾರೂ ಭಾವಿಸಬಾರದು. ಅವರನ್ನು ಉಳಿಸಿದುದು ಕಷ್ಟದ ನಡುವೆ ದೊರೆತ ಆಸರೆ. ಆದುದರಿಂದ, ತಾಯಿತಂದೆಗಳೇ, ಈ ಶಾಲೆಯಿಂದ ಹೊರಟು ಗೃಹಿಣಿಯರೂ ಉಪಾಧ್ಯಾಯಿನಿಯರೂ ಆಗಿರುವ ಸೋದರಿಯರೇ, ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಹುಡುಗಿಯನ್ನೂ, ಮಾತುಮಾತಿಗೆ ಜಗಳಕ್ಕೆ ನಿಲ್ಲುವ ಹುಡುಗನನ್ನೂ ಗದರಿಸುವ ಮುನ್ನ ಅವರ ಮನೆಯ ಸ್ಥಿತಿಗತಿಯನ್ನು ವಿಚಾರಿಸಿರಿ. ಅಂತಹ ಮಗುವಿಗೆ ಬೇಕಾದ ಆ ಒಬ್ಬರು ತಾವೇ ಆಗಬಹುದು.