ಕಡಲತೀರದ ವ್ಯವಹಾರ: ಎಂಟು ತಿಂಗಳ ಲೆಕ್ಕ

ಮಂಗಳೂರಿನ ಪಣಂಬೂರು, ಸೋಮೇಶ್ವರ ಕಡಲತೀರಗಳಲ್ಲಿ, ಸುಲ್ತಾನ್ ಬತ್ತೇರಿಯ ಎದುರು ನದಿಯಾಚೆಗಿನ ತಣ್ಣೀರುಬಾವಿಯಲ್ಲಿ ಸಂಜೆಯ ಜನಸಂದಣಿಯನ್ನು ಕಂಡು ಜಲಕ್ರೀಡೆಯಲ್ಲಿ ಬಂಡವಾಳ ಹೂಡಬಯಸುವವರು ಮೊದಲು ಪಂಚಾಂಗವನ್ನು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧ, ದೋಣಿಗಳು ದಡದಲ್ಲೇ. ಆದರೆ ಸಾಲದ ಕಂತು, ವಿಮೆ, ಕಾಯಂ ಸಿಬ್ಬಂದಿಯ ವೇತನಗಳಿಗೆ ಮಳೆಗಾಲದ ರಜೆಯಿಲ್ಲ. ವಾರ್ಷಿಕ ಸ್ಥಿರ ವೆಚ್ಚ 12 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಒಂದು ಲಕ್ಷವೆಂದು ಎಣಿಸಿ ಸವಾರಿಯ ದರ ನಿಗದಿಪಡಿಸುವುದು ತಪ್ಪು. ಗಳಿಕೆಯ ಎಂಟು ತಿಂಗಳುಗಳಿಗೆ ಹಂಚಿದರೆ ಅದು 1.5 ಲಕ್ಷವಾಗುತ್ತದೆ. ಅನೇಕರು ಎಡವುವುದು ಇಲ್ಲಿಯೇ.

ಹೊಸ ದೋಣಿಯನ್ನು ದೀಪಾವಳಿಯ ನಂತರ ಕೊಳ್ಳುವ ರೂಢಿಯೂ ದುಬಾರಿ. ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದ ಆಸ್ತಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅರ್ಧ ಸವಕಳಿ ಮಾತ್ರ ದೊರೆಯುತ್ತದೆ. ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ ನೀರಿಗಿಳಿಸಿದ ದೋಣಿಗೆ ಆ ದಿನಗಳು ಸಿಗಲಾರವು.